ಯಾವ ಪಿಸ್ತೂಲು ಕೈಕೊಡುವುದಿಲ್ಲ, ಕೈಕೊಟ್ಟರೆ ಯಾರು ನೋಡಿಕೊಳ್ಳುತ್ತಾರೆ?

ಪ್ರಶ್ನೆ: ಇಷ್ಟು ದಿನ ಕ್ಲಬ್ಬಿನ ಪಿಸ್ತೂಲಿನಲ್ಲೇ ಗುರಿ ಅಭ್ಯಾಸ ಮಾಡುತ್ತಿದ್ದೆ. ಈಗ ಪರವಾನಗಿ ಸಿಕ್ಕಿದೆ. ಸ್ವಂತಕ್ಕೊಂದು 9 ಎಂಎಂ ಅರೆ-ಸ್ವಯಂಚಾಲಿತ ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ. ಗ್ಲಾಕ್, ಸಿಗ್ ಸಾವರ್, ಸ್ಮಿತ್ ಅಂಡ್ ವೆಸ್ಸನ್, ಸಿಜೆಡ್, ಬೆರೆಟ್ಟಾ, ರೂಗರ್, ಟಾರಸ್ ಇವಿಷ್ಟು ನನ್ನ ಪಟ್ಟಿಯಲ್ಲಿವೆ. ಒಬ್ಬ ಗೆಳೆಯ ‘ಗ್ಲಾಕ್ ಆದರೆ ಕಣ್ಣುಮುಚ್ಚಿ ತಗೋ, ಅದು ಕೈಕೊಡುವ ಮಾತೇ ಇಲ್ಲ’ ಎನ್ನುತ್ತಾನೆ. ಇನ್ನೊಬ್ಬನ ಗ್ಲಾಕ್ ಕೊಂಡ ವಾರದಲ್ಲೇ ಜಾಮ್ ಆಗತೊಡಗಿತಂತೆ, ಅವನು ಸಿಜೆಡ್ ಕಡೆ ಕೈತೋರಿಸುತ್ತಾನೆ. ಯಾವ ಕಂಪನಿಯದನ್ನು ನಂಬಬಹುದು? ಕೆಟ್ಟರೆ ಗ್ರಾಹಕರನ್ನು ಸರಿಯಾಗಿ ನೋಡಿಕೊಳ್ಳುವವರು ಯಾರು?

ಉತ್ತರ: ನೇರ ಉತ್ತರವನ್ನು ಮೊದಲೇ ಕೊಟ್ಟುಬಿಡುತ್ತೇನೆ. ಗುರಿ ಅಭ್ಯಾಸಕ್ಕೆ, ಮೊದಲ ಸ್ವಂತ ಪಿಸ್ತೂಲಾಗಿ, ನಿಮ್ಮ ಪಟ್ಟಿಯಿಂದ ನಾನು ಮೂರನ್ನು ಎತ್ತಿಡುತ್ತೇನೆ: ಗ್ಲಾಕ್ 17, ಸ್ಮಿತ್ ಅಂಡ್ ವೆಸ್ಸನ್‌ನ ಎಂ ಅಂಡ್ ಪಿ 2.0ರ ದೊಡ್ಡ ಗಾತ್ರದ್ದು, ಮತ್ತು ಸಿಜೆಡ್ 75. ಈ ಮೂರರಲ್ಲಿ ಒಂದನ್ನು ಆರಿಸುವಾಗ ಪಿಸ್ತೂಲನ್ನು ತಿರುಗಿಸಿ ಮುರುಗಿಸಿ ನೋಡುವುದಕ್ಕಿಂತ, ನೀವಿರುವ ಕಡೆ ಅದರ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ), ಸ್ಪ್ರಿಂಗ್, ರಿಪೇರಿ ಎಲ್ಲ ಯಾರ ಕೈಯಲ್ಲಿದೆ ಎಂದು ವಿಚಾರಿಸಿ. ಹೀಗೇಕೆ ಹೇಳುತ್ತೇನೆ ಎಂಬುದಕ್ಕೆ ಸ್ವಲ್ಪ ಉದ್ದದ ವಿವರಣೆ ಬೇಕು.

ನಿಮ್ಮ ಗೆಳೆಯರಿಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಇಂದು ಹೆಸರುಳ್ಳ ಯಾವ ಕಂಪನಿಯ ಪೂರ್ಣ ಗಾತ್ರದ 9 ಎಂಎಂ ಪಿಸ್ತೂಲೂ ಸಾವಿರಾರು ಈಡುಗಳಲ್ಲಿ ಎಲ್ಲೋ ಒಮ್ಮೆ ತಡವರಿಸುವಷ್ಟು ಚೆನ್ನಾಗಿಯೇ ಇರುತ್ತದೆ. ಅಷ್ಟು ಅಪರೂಪದ ಘಟನೆಯನ್ನು ಒಬ್ಬನ ಒಂದು ಪಿಸ್ತೂಲಿನ ಅನುಭವದಿಂದ ಅಳೆಯಲಾಗದು. ಸಾವಿರಕ್ಕೊಮ್ಮೆ ನಿಲ್ಲುವ ಪಿಸ್ತೂಲಿಗೂ ಎರಡು ಸಾವಿರಕ್ಕೊಮ್ಮೆ ನಿಲ್ಲುವ ಪಿಸ್ತೂಲಿಗೂ ಇರುವ ಅಂತರ ಕಾಣಬೇಕಾದರೆ ಹತ್ತಾರು ಪಿಸ್ತೂಲುಗಳಲ್ಲಿ ಹತ್ತಾರು ಸಾವಿರ ಗುಂಡು ಹಾರಿಸಬೇಕು. ಸೇನೆಗಳು ಹಾಗೆ ಮಾಡುತ್ತವೆ, ಗೆಳೆಯರು ಮಾಡಲಾರರು. ಆದ್ದರಿಂದ ‘ನನ್ನದು ಒಮ್ಮೆಯೂ ನಿಂತಿಲ್ಲ’ ಎನ್ನುವ ಮಾತನ್ನೂ ‘ನನ್ನದು ಮೊದಲ ದಿನವೇ ನಿಂತಿತು’ ಎನ್ನುವ ಮಾತನ್ನೂ ಕೇಳಿಸಿಕೊಳ್ಳಿ, ಆದರೆ ಅವುಗಳ ಮೇಲೆ ಕಂಪನಿಯ ತೀರ್ಪು ಬರೆಯಬೇಡಿ.

ಎರಡನೆಯ ವಿಷಯ ಇದಕ್ಕಿಂತ ಮುಖ್ಯ. ಪಿಸ್ತೂಲು ನಿಂತಿತು ಎಂದಾಗ ನಿಂತದ್ದು ಪಿಸ್ತೂಲೊಂದೇ ಅಲ್ಲ. ಒಂದು ಈಡಾದಾಗ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆಮುಂದೆ ಓಡುವ ಭಾಗ, ಹಿಂದೆ ಸರಿಯಬೇಕು, ತೋಟಾದ ಖಾಲಿ ಕೇಸನ್ನು ಎಕ್ಸ್‌ಟ್ರಾಕ್ಟರ್ ಎಳೆದು ತರಬೇಕು, ಇಜೆಕ್ಟರ್ ಅದನ್ನು ಹೊರಗೆ ಚಿಮ್ಮಿಸಬೇಕು, ಮ್ಯಾಗಜಿನ್ನಿನ ಸ್ಪ್ರಿಂಗ್ ಮುಂದಿನ ತೋಟಾವನ್ನು ಮೇಲೆತ್ತಿ ಸರಿಯಾದ ಕೋನದಲ್ಲಿ ಒಡ್ಡಬೇಕು, ಮುಂದೆ ಬರುವ ಸ್ಲೈಡ್ ಅದನ್ನು ನಳಿಗೆಯ ಹಿಂತುದಿಯ ಚೇಂಬರಿಗೆ ತಳ್ಳಿ ಪೂರ್ತಿ ಮುಚ್ಚಿಕೊಳ್ಳಬೇಕು. ಇಷ್ಟೂ ನಡೆಯುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಇದಕ್ಕೆ ಬೇಕಾದ ಶಕ್ತಿ ಬರುವುದು ತೋಟಾದಿಂದ. ಆ ಶಕ್ತಿ ಸರಿಯಾಗಿ ಬಳಕೆಯಾಗಲು ಹಿಡಿಕೆಯಿರುವ ಕೆಳಭಾಗವಾದ ಫ್ರೇಮ್ ಅಲುಗದಂತೆ ಹಿಡಿಯಬೇಕಾದ್ದು ನಿಮ್ಮ ಕೈ. ಅಂದರೆ ಪಿಸ್ತೂಲು, ಮ್ಯಾಗಜಿನ್, ತೋಟಾ, ಕೈ ಈ ನಾಲ್ಕೂ ಕೂಡಿ ಕೆಲಸ ಮಾಡುತ್ತವೆ, ಬೈಗುಳ ಮಾತ್ರ ಕಂಪನಿಯ ಹೆಸರಿಗೆ ಬೀಳುತ್ತದೆ.

ಈ ನಾಲ್ಕರಲ್ಲಿ ನಾನು ಮೊದಲು ಅನುಮಾನಿಸುವುದು ಮ್ಯಾಗಜಿನ್ನನ್ನು. ಅದರ ತುದಿಯ ತುಟಿಗಳು ಕೂದಲೆಳೆಯಷ್ಟು ಅಗಲವಾದರೂ ತೋಟಾ ಬೇಗ ಬಿಟ್ಟುಕೊಂಡು ಮೂಗು ಮೇಲೆತ್ತುತ್ತದೆ. ಸ್ಪ್ರಿಂಗ್ ಸೋತರೆ ತೋಟಾ ಮೇಲೆ ಬರುವ ಮೊದಲೇ ಸ್ಲೈಡ್ ದಾಟಿಹೋಗುತ್ತದೆ. ಒಳಗೆ ಧೂಳು ಸೇರಿದರೆ ತೋಟಾ ಮೇಲೆತ್ತುವ ತಟ್ಟೆ (ಫಾಲೋಯರ್) ಅಂಟಿಕೊಳ್ಳುತ್ತದೆ. ಇದಕ್ಕೆ ದೊಡ್ಡ ಉದಾಹರಣೆ ಬೆರೆಟ್ಟಾ 92ರ ಸೇನಾ ರೂಪವಾದ ಎಂ9. ಇರಾಕ್ ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ಸೈನಿಕರಿಂದ ಆ ಪಿಸ್ತೂಲು ನಿಲ್ಲುತ್ತದೆಂಬ ದೂರುಗಳು ಬಂದವು. ಮುಖ್ಯ ಕಾರಣವಾಗಿ ಕಂಡದ್ದು ಬೇರೆ ಗುತ್ತಿಗೆದಾರರು ಸರ್ಕಾರಿ ನಿಗದಿಯಂತೆ ಒರಟು ಫಾಸ್ಫೇಟ್ ಲೇಪ ಕೊಟ್ಟು ಮಾಡಿದ್ದ ಮ್ಯಾಗಜಿನ್‌ಗಳು. ಮರಳುಗಾಡಿನ ನುಣುಪು ಮರಳು ಆ ಲೇಪಕ್ಕೆ ಕಚ್ಚಿಕೊಂಡು ತೋಟಾಗಳು ಮೇಲೇರುತ್ತಿರಲಿಲ್ಲ. ಪಿಸ್ತೂಲು ಅದೇ, ನಯವಾದ ಲೇಪದ ಮ್ಯಾಗಜಿನ್ ಹಾಕಿದರೆ ಸಲೀಸಾಗಿ ನಡೆಯುತ್ತಿತ್ತು. ಹಾಗಿದ್ದರೂ ಬೆರೆಟ್ಟಾಗೆ ಅಂಟಿದ ಕೆಟ್ಟ ಹೆಸರು ಬಹಳ ಕಾಲ ಹೋಗಲಿಲ್ಲ. ಆದ್ದರಿಂದ ಯಾವ ಕಂಪನಿಯ ಪಿಸ್ತೂಲನ್ನೇ ಕೊಳ್ಳಿ, ಅದೇ ಕಂಪನಿಯ ಮ್ಯಾಗಜಿನ್ನನ್ನೇ ಕೊಳ್ಳಿ. ಅಗ್ಗಕ್ಕೆ ಸಿಗುವ ಬೇರೆಯವರ ಮ್ಯಾಗಜಿನ್ ಅಭ್ಯಾಸಕ್ಕೂ ಬೇಡ. ತಡವರಿಕೆಯ ಕಾರಣ ಹುಡುಕುವಾಗ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ತೋಟಾದ ವಿಷಯದಲ್ಲಿ ಒಂದೆರಡು ಮಾತು. 9 ಎಂಎಂ ಎಂದು ಬರೆದ ಮಾತ್ರಕ್ಕೆ ಎಲ್ಲ ತೋಟಾಗಳೂ ಒಂದೇ ಅಲ್ಲ. ಅಮೆರಿಕದ ತಯಾರಕರ ಸಂಸ್ಥೆ ‘ಸಾಮಿ’ ನಿಗದಿಪಡಿಸಿದ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡ್. ‘ಪ್ಲಸ್ ಪಿ’ ಎಂದು ಗುರುತಿಸಿದ ತೋಟಾಗಳಿಗೆ ಅದು 38,500. ಈ ಮಿತಿಯ ಒಳಗೇ ಅಭ್ಯಾಸಕ್ಕೆಂದು ಮೃದುವಾಗಿ ತುಂಬಿದವೂ ಇರುತ್ತವೆ, ಗಡುಸಾಗಿ ತುಂಬಿದವೂ ಇರುತ್ತವೆ. ಹೊಸ ಪಿಸ್ತೂಲಿನ ಬಿಗಿಯಾದ ಸ್ಪ್ರಿಂಗನ್ನು ಮೃದು ತೋಟಾ ಪೂರ್ತಿ ಹಿಂದಕ್ಕೆ ತಳ್ಳಲಾರದೆ ಖಾಲಿ ಕೇಸು ಕಿಂಡಿಯಲ್ಲೇ ನೆಟ್ಟಗೆ ನಿಂತುಬಿಡುವುದು ತೀರಾ ಸಾಮಾನ್ಯ. ಸಿಜೆಡ್‌ನ ಚೇಂಬರಿನ ಮುಂಭಾಗ ಗಿಡ್ಡ. ಕೆಲವು ಆಕಾರದ ಬುಲೆಟ್ಟುಗಳನ್ನು ಉದ್ದವಾಗಿ ಕೂರಿಸಿ ಮನೆಯಲ್ಲೇ ತುಂಬಿಕೊಂಡ ತೋಟಾಗಳು ಗ್ಲಾಕಿನಲ್ಲಿ ಸರಾಗವಾಗಿ ಹೋದರೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಇದು ಸಿಜೆಡ್‌ನ ದೋಷವಲ್ಲ, ಆ ತೋಟಾ ಅದಕ್ಕೆ ಹೊಂದುವಂಥದ್ದಲ್ಲ ಅಷ್ಟೆ.

ಇನ್ನು ಕೈ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ, ಆದರೂ ಹೇಳಲೇಬೇಕು. ಅಮೆರಿಕದ ಸೇನೆ 2017ರ ಜನವರಿಯಲ್ಲಿ ಎಂ9ರ ಬದಲಿಗೆ ಸಿಗ್ ಸಾವರ್‌ನ ಪಿ320 ಆಧಾರಿತ ಪಿಸ್ತೂಲನ್ನು ದೊಡ್ಡದು, ಚಿಕ್ಕದು ಎಂಬ ಎರಡು ಗಾತ್ರಗಳಲ್ಲಿ ಆರಿಸಿತು. ಅದರ ಪರೀಕ್ಷೆಯ ವಿವರಗಳು ಮರುವರ್ಷ ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗದ ವಾರ್ಷಿಕ ವರದಿಯಲ್ಲಿ ಪ್ರಕಟವಾದವು. ಸರಾಸರಿ 2,000 ಈಡಿಗೊಂದು ತಡೆ ಎಂಬುದು ಸೇನೆಯ ಗುರಿ. ದೊಡ್ಡ ಪಿಸ್ತೂಲು ಸಾಮಾನ್ಯ ತೋಟಾದಲ್ಲಿ 343ಕ್ಕೊಂದು, ವಿಶೇಷ ತೋಟಾದಲ್ಲಿ 708ಕ್ಕೊಂದು ತಡೆ ಕಂಡಿತು. ಚಿಕ್ಕದು ಸಾಮಾನ್ಯ ತೋಟಾದಲ್ಲಿ 197, ವಿಶೇಷದಲ್ಲಿ 950. ಈ ಅಂಕಿಗಳನ್ನಷ್ಟೇ ಓದಿದವರು ‘ಇದೆಂಥ ಪಿಸ್ತೂಲು’ ಎನ್ನುವುದು ಸಹಜ. ಆದರೆ ತಡೆಗಳಲ್ಲಿ ದೊಡ್ಡದರಲ್ಲಿ ಶೇ. 60, ಚಿಕ್ಕದರಲ್ಲಿ ಶೇ. 75ರಷ್ಟು ಒಂದೇ ಬಗೆಯವು: ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದಿರುವುದು. ಪಿಸ್ತೂಲನ್ನು ಎತ್ತರಕ್ಕೆ ಹಿಡಿಯುವ ಅಭ್ಯಾಸವುಳ್ಳವರ ಹೆಬ್ಬೆರಳು ಸ್ಲೈಡ್ ತಡೆಯುವ ಸನ್ನೆಯ ಮೇಲೆ ಕೂರುತ್ತಿತ್ತು. ಕೆಲವೇ ಮಂದಿ ಶೂಟರುಗಳಿಂದಲೇ ಈ ಬಗೆಯ ತಡೆಯ ಬಹುಪಾಲು ಬಂದಿತ್ತು. ಒಂದೇ ಪಿಸ್ತೂಲು, ತೋಟಾ ಬದಲಾದರೆ ಒಂದು ಅಂಕಿ, ಕೈ ಬದಲಾದರೆ ಇನ್ನೊಂದು.

ಮಣಿಕಟ್ಟು ಸಡಿಲ ಬಿಟ್ಟು ಹಿಡಿದರೂ ಹೀಗೇ. ಫ್ರೇಮ್ ಸ್ಲೈಡಿನ ಜತೆಗೇ ಹಿಂದೆ ಸರಿದುಬಿಟ್ಟರೆ ಸ್ಲೈಡಿಗೆ ಸಿಗಬೇಕಾದ ಓಟ ಸಿಗುವುದಿಲ್ಲ. ಪ್ಲಾಸ್ಟಿಕ್ ಫ್ರೇಮಿನ ಹಗುರ ಪಿಸ್ತೂಲುಗಳಲ್ಲಿ ಇದು ಹೆಚ್ಚು, ಸಿಜೆಡ್ 75 ಅಥವಾ ಬೆರೆಟ್ಟಾ 92ರಂಥ ಭಾರದವುಗಳಲ್ಲಿ ಕಡಿಮೆ. ನಿಮ್ಮ ಎರಡನೇ ಗೆಳೆಯನ ಗ್ಲಾಕನ್ನು ಕ್ಲಬ್ಬಿನ ಅನುಭವಿ ಶೂಟರ್ ಒಬ್ಬರ ಕೈಗೆ ಕೊಟ್ಟು, ಅದೇ ಮ್ಯಾಗಜಿನ್, ಅದೇ ತೋಟಾದಲ್ಲಿ ಹಾರಿಸಿ ನೋಡಲು ಹೇಳಿ. ಅಲ್ಲೂ ಜಾಮ್ ಆದರೆ ಮಾತ್ರ ಪಿಸ್ತೂಲಿನ ಕಡೆ ಬೆರಳು ತೋರಿಸಬಹುದು.

ಹಾಗಾದರೆ ಕಂಪನಿಗಳ ನಡುವೆ ವ್ಯತ್ಯಾಸವೇ ಇಲ್ಲವೇ ಎಂದು ಕೇಳುತ್ತೀರಿ. ಇದೆ. ನಾನು ಅದನ್ನು ಹುಡುಕುವುದು ಜಾಹೀರಾತಿನ ಪರೀಕ್ಷೆಗಳಲ್ಲಿ ಅಲ್ಲ, ತನ್ನ ಪಿಸ್ತೂಲಿನಲ್ಲಿ ದೋಷವಿದೆ ಎಂದು ಗೊತ್ತಾದ ದಿನ ಕಂಪನಿ ಏನು ಮಾಡಿತು ಎಂಬುದರಲ್ಲಿ. ದೋಷ ಬಾರದ ಕಂಪನಿ ಯಾವುದೂ ಇಲ್ಲ.

ಗ್ಲಾಕ್ 17 ಆಸ್ಟ್ರಿಯಾದ ಸೇನೆಗೆ ಸೇರಿದ್ದು 1982ರಲ್ಲಿ. ಬಿಡಿಭಾಗಗಳು ಕಡಿಮೆ, ಒಂದರದ್ದು ಇನ್ನೊಂದಕ್ಕೆ ಅರದಿಂದ ಉಜ್ಜದೆಯೇ ಕೂರುತ್ತವೆ. ಅದರ ಒಳ್ಳೆಯ ಹೆಸರಿನ ಗುಟ್ಟು ಇದೇ. ಅಂಥ ಕಂಪನಿಯ ನಾಲ್ಕನೇ ಪೀಳಿಗೆ 2010ರಲ್ಲಿ ಬಂದಾಗ ಹೊಸ ಜೋಡಿ ಸ್ಪ್ರಿಂಗಿನಿಂದ ಕೆಲವು 9 ಎಂಎಂ ಪಿಸ್ತೂಲುಗಳು ತೊಂದರೆ ಕೊಟ್ಟವು. 2011ರಲ್ಲಿ ಕಂಪನಿ ಸ್ಪ್ರಿಂಗುಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು. ನಿಮ್ಮ ಎರಡನೇ ಗೆಳೆಯನದು ಆ ಕಾಲದ ಹಳೆಯ ನಾಲ್ಕನೇ ಪೀಳಿಗೆಯದಾಗಿದ್ದರೆ ಈ ಸ್ಪ್ರಿಂಗನ್ನು ಮೊದಲು ನೋಡಿಸಿ.

ರೂಗರ್ 2008ರಲ್ಲಿ ಒಂದೇ ವರ್ಷದೊಳಗೆ ಎರಡು ಮಾದರಿಗಳನ್ನು, ಎಸ್‌ಆರ್9 ಮತ್ತು ಎಲ್‌ಸಿಪಿ, ವಾಪಸು ಕರೆಸಬೇಕಾಯಿತು. ಕೆಳಗೆ ಬಿದ್ದರೆ ಗುಂಡು ಹಾರುವ ಸಾಧ್ಯತೆ ಇತ್ತು. ಕಂಪನಿ ತಾನೇ ಸುದ್ದಿ ಹೊರಡಿಸಿ, ತನ್ನದೇ ಖರ್ಚಿನಲ್ಲಿ ಭಾಗ ಬದಲಿಸಿ ಕಳಿಸಿತು. ಇಂಥ ಸುದ್ದಿ ಓದಿದಾಗ ಕಂಪನಿಯ ಬಗ್ಗೆ ನನ್ನ ಗೌರವ ಕಡಿಮೆಯಾಗುವುದಿಲ್ಲ. ಸ್ಮಿತ್ ಅಂಡ್ ವೆಸ್ಸನ್ ಕೂಡ 2013ರಲ್ಲಿ ಶೀಲ್ಡ್ ಮಾದರಿಯ ಟ್ರಿಗರಿನ ವಿಷಯದಲ್ಲಿ, 2020ರಲ್ಲಿ ಶೀಲ್ಡ್ ಇಝಡ್‌ನ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಸುತ್ತಿಗೆಯಂಥ ಭಾಗ) ವಿಷಯದಲ್ಲಿ ಎಚ್ಚರಿಕೆ ಹೊರಡಿಸಿತು. ಕೆಲವು ಹ್ಯಾಮರ್‌ಗಳನ್ನು ನಿಗದಿಯಂತೆ ತಯಾರಿಸಿರಲಿಲ್ಲ, ಒಂದು ಸಲ ಒತ್ತಿದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರುವ ಅಪಾಯವಿತ್ತು. ಯಾವ ಅವಧಿಯಲ್ಲಿ ತಯಾರಾದವು ಎಂಬುದನ್ನು ಹೇಳಿ, ಹ್ಯಾಮರ್ ಮೇಲಿನ ಯಾವ ಗುರುತು ನೋಡಬೇಕೆಂದು ತಿಳಿಸಿತು. ಎಚ್ಚರಿಕೆ ಇರಬೇಕಾದ್ದು ಹೀಗೆ: ಯಾರಿಗೆ, ಏನು, ಈಗ ಏನು ಮಾಡಬೇಕು.

ಬೆರೆಟ್ಟಾದ್ದೂ ಹಳೆಯ ಕಥೆಯೊಂದಿದೆ. 1985ರಲ್ಲಿ ಅಮೆರಿಕದ ಸೇನೆ 92ನ್ನು ಆರಿಸಿಕೊಂಡ ಕೆಲವು ವರ್ಷಗಳಲ್ಲಿ, ವಿಪರೀತ ಬಳಕೆ ಕಂಡ ಕೆಲವು ಪಿಸ್ತೂಲುಗಳ ಸ್ಲೈಡ್ ಬಿರುಕುಬಿಟ್ಟು ಹಿಂಭಾಗ ಶೂಟರ್ ಕಡೆಗೇ ಹಾರಿತು. ತಪ್ಪು ಪಿಸ್ತೂಲಿನದೋ ತೋಟಾದ್ದೋ ಎಂಬ ವಾದ ಒಂದು ಕಡೆ ನಡೆಯುತ್ತಲೇ ಇತ್ತು. ಇನ್ನೊಂದು ಕಡೆ ಕಂಪನಿ ಹ್ಯಾಮರಿನ ಪಿನ್ನನ್ನು ದೊಡ್ಡದು ಮಾಡಿ, ಸ್ಲೈಡ್ ತುಂಡಾದರೂ ಆ ಪಿನ್ನಿಗೆ ಸಿಕ್ಕಿ ನಿಲ್ಲುವಂತೆ ಮಾಡಿತು. ಇಂದಿನ 92ಎಫ್‌ಎಸ್ ಎಂದರೆ ಆ ತಿದ್ದುಪಡಿಯಾದ ಪಿಸ್ತೂಲು. ಇದೇ 1985ರ ಆಯ್ಕೆಯಲ್ಲಿ ಕೊನೆಯವರೆಗೆ ಬೆರೆಟ್ಟಾ ಜತೆ ಉಳಿದದ್ದು ಸಿಗ್ ಪಿ226. ಎರಡೂ ಪರೀಕ್ಷೆಯಲ್ಲಿ ಗೆದ್ದಿದ್ದವು. ತೂಕ ಬೆರೆಟ್ಟಾ ಕಡೆ ವಾಲಿದ್ದು ಮ್ಯಾಗಜಿನ್ ಮತ್ತು ಬಿಡಿಭಾಗ ಸೇರಿದ ಒಟ್ಟು ಬೆಲೆಯಲ್ಲಿ. ಲಕ್ಷಗಟ್ಟಲೆ ಕೊಳ್ಳುವ ಸೇನೆಯೇ ಬಿಡಿಭಾಗದ ಲೆಕ್ಕ ಹಾಕಿತೆಂದರೆ ಒಂದು ಕೊಳ್ಳುವ ನಾವು ಹಾಕದಿರುವುದು ಹೇಗೆ?

ಸಿಗ್ ಪಿ320ರ ವಿಷಯದಲ್ಲಿ ಮಾತ್ರ ನಾನು ನಿಮಗೆ ತಡೆಯಿರಿ ಎನ್ನುತ್ತೇನೆ. 2014ರಲ್ಲಿ ಬಂದ ಈ ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದರೆ ಗುಂಡು ಹಾರಬಹುದೆಂದು 2017ರ ಆಗಸ್ಟಿನಲ್ಲಿ ಬೆಳಕಿಗೆ ಬಂತು. ಕಂಪನಿ ಟ್ರಿಗರ್, ತೋಟಾಕ್ಕೆ ಬಡಿಯುವ ಸ್ಟ್ರೈಕರ್, ಅದನ್ನು ಹಿಡಿದಿಡುವ ಸಿಯರ್‌ಗಳನ್ನು ಹಗುರ ಮಾಡಿ ಉಚಿತವಾಗಿ ಬದಲಿಸಿಕೊಟ್ಟಿತು. ಆದರೆ ಅದನ್ನು ಮಾಲೀಕರ ಇಷ್ಟಕ್ಕೆ ಬಿಟ್ಟಿತು. ಹೀಗಾಗಿ ಬದಲಿಸದ ಹಳೆಯ ಪಿಸ್ತೂಲುಗಳು ಈಗಲೂ ಕೈಬದಲಾಗುತ್ತಿರಬಹುದು. ಆಮೇಲೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರಿತು ಎಂಬ ದೂರುಗಳು ಮೊಕದ್ದಮೆಗಳಾದವು. ಕಂಪನಿ ಇದನ್ನು ಪೂರ್ತಿ ಅಲ್ಲಗಳೆಯುತ್ತದೆ. ಕೆಲವು ಮೊಕದ್ದಮೆಗಳಲ್ಲಿ ಅದು ಗೆದ್ದೂ ಇದೆ. 2024ರಲ್ಲಿ ಜಾರ್ಜಿಯಾ ಮತ್ತು ಫಿಲಡೆಲ್ಫಿಯಾದ ಜ್ಯೂರಿಗಳು ಅದರ ವಿರುದ್ಧ ತೀರ್ಪಿತ್ತಿವೆ. ಕ್ಲಬ್ಬಿನಲ್ಲಿ ಗುರಿ ಹೊಡೆಯಲು ಅದು ನಿಖರವಾದ, ಚೆನ್ನಾಗಿ ನಡೆಯುವ ಪಿಸ್ತೂಲೇ. ಆದರೆ ಪಟ್ಟಿಯಲ್ಲಿ ಇಷ್ಟೊಂದು ಬೇರೆ ಆಯ್ಕೆಗಳಿರುವಾಗ, ಇಂಥ ಪ್ರಶ್ನೆ ತೂಗುತ್ತಿರುವ ಪಿಸ್ತೂಲನ್ನು ಮೊದಲ ಪಿಸ್ತೂಲಾಗಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಸಿಗ್ ಬೇಕೇಬೇಕೆಂದಿದ್ದರೆ ಹ್ಯಾಮರ್ ಇರುವ ಪಿ226 ಕೊಳ್ಳಿ. ದಶಕಗಳ ಸೇವೆಯ ದಾಖಲೆ ಅದಕ್ಕಿದೆ.

ಟಾರಸ್ ಬಗ್ಗೆ ಜನ ಎರಡು ತುದಿಗಳಲ್ಲಿ ಮಾತಾಡುತ್ತಾರೆ. ಅದರ ಹಳೆಯ ಮಾದರಿಗಳು, ಪಿಟಿ-111, ಪಿಟಿ-24/7 ಸೇರಿ ಒಂಬತ್ತು, ಬಿದ್ದಾಗ ಗುಂಡು ಹಾರಿಸುತ್ತವೆ ಎಂಬ ಆರೋಪದ ಸಾಮೂಹಿಕ ಮೊಕದ್ದಮೆ ಅಮೆರಿಕದಲ್ಲಿ 2015ರಲ್ಲಿ ರಾಜಿಗೆ ಬಂತು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, ಪಿಸ್ತೂಲು ಹಿಂದಿರುಗಿಸಿದವರಿಗೆ ಹಣ ಕೊಡಲು ಒಪ್ಪಿತು. ಈಚಿನ ಜಿ3 ಅದಕ್ಕಿಂತ ಬಹಳ ಉತ್ತಮ ಪಿಸ್ತೂಲು. ಆದರೂ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಸಿಕ್ಕ ಪರಿಹಾರಕ್ಕೂ, ಕಂಪನಿ ತಾನಾಗಿ ಬಂದು ಕೊಟ್ಟ ಪರಿಹಾರಕ್ಕೂ ನಾನು ಒಂದೇ ಅಂಕ ಕೊಡಲಾರೆ. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಕಾಯುವುದಿಲ್ಲ ಎಂಬುದಕ್ಕೆ ರೆಮಿಂಗ್ಟನ್ ಸಾಕ್ಷಿ. ಅದರ ಆರ್51 ಪಿಸ್ತೂಲು 2014ರಲ್ಲಿ ಮಾರುಕಟ್ಟೆಗೆ ಬಂದು ಅದೇ ವರ್ಷ ವಾಪಸಾಯಿತು. ಹೊಸ ಮಾದರಿ ಬಿಡುಗಡೆಯಾದ ಮೊದಲ ವರ್ಷ ಯಾವ ಕಂಪನಿಯದನ್ನೂ ಕೊಳ್ಳಬೇಡಿ ಎನ್ನುವ ನನ್ನ ಮಾತಿಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಸಿಜೆಡ್ 75 ಫ್ರಾಂಟಿಶೆಕ್ ಕೌಟ್ಸ್ಕಿ ರೂಪಿಸಿದ್ದು, 1975ರದ್ದು. ಸ್ಲೈಡ್ ಫ್ರೇಮಿನ ಒಳಗೆ ಓಡುತ್ತದೆ, ಅದರಿಂದ ಎತ್ತರ ಕಡಿಮೆ, ಅಲುಗಾಟ ಕಡಿಮೆ. ಬಹಳ ಹಾರಿಸುವವರ ಕೈಯಲ್ಲಿ ಸ್ಲೈಡ್ ಸ್ಟಾಪ್‌ನ ಪಿನ್ ಮುರಿಯುವುದು, ಟ್ರಿಗರ್ ಮರಳಿಸುವ ಸ್ಪ್ರಿಂಗ್ ತುಂಡಾಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬೆರೆಟ್ಟಾದಲ್ಲಿ ಹಾಗೆಯೇ ನಳಿಗೆಯನ್ನು ಸ್ಲೈಡಿಗೆ ಬಿಗಿಯುವ ಲಾಕಿಂಗ್ ಬ್ಲಾಕ್ ಸವೆಯುವ ಭಾಗ. ಇವನ್ನು ದೋಷ ಎಂದು ನಾನು ಕರೆಯುವುದಿಲ್ಲ. ಯಾವುದು ಮೊದಲು ಹೋಗುತ್ತದೆ ಎಂದು ಗೊತ್ತಿರುವ ಯಂತ್ರ ಒಳ್ಳೆಯ ಯಂತ್ರ. ಆ ಭಾಗವನ್ನು ಪಿಸ್ತೂಲು ಕೊಳ್ಳುವ ದಿನವೇ ಒಂದು ಹೆಚ್ಚಿಗೆ ಕೊಂಡಿಟ್ಟರೆ ಆಯಿತು.

ನಿಮ್ಮ ಪಟ್ಟಿಯಲ್ಲಿಲ್ಲದ ಹೆಕ್ಲರ್ ಅಂಡ್ ಕಾಖ್, ವಾಲ್ಥರ್ ಎರಡೂ ಮೇಲ್ದರ್ಜೆಯವು, ಸಿಕ್ಕರೆ ನೋಡಿ. 1911 ಎಂಬ ಹಳೆಯ ಅಮೆರಿಕನ್ ಮಾದರಿಯ ಬಿಗಿ ಜೋಡಣೆಯ ಪಿಸ್ತೂಲುಗಳು ಸುಂದರ. ಆದರೆ ಅವುಗಳ ಎಕ್ಸ್‌ಟ್ರಾಕ್ಟರನ್ನು ಅರ ಹಿಡಿದು ಹೊಂದಿಸಬಲ್ಲ ಕೈ ಹತ್ತಿರವಿದ್ದರೆ ಮಾತ್ರ. ಅಂಗೈಯಲ್ಲಿ ಅಡಗುವ ಚಿಕ್ಕ ಪಿಸ್ತೂಲುಗಳನ್ನು ಗುರಿ ಅಭ್ಯಾಸಕ್ಕೆ ಕೊಳ್ಳಬೇಡಿ. ಅವುಗಳ ಸ್ಲೈಡ್ ಗಿಡ್ಡ, ಓಟ ಚುರುಕು, ಮ್ಯಾಗಜಿನ್ನಿಗೆ ತೋಟಾ ಎತ್ತಲು ಸಿಗುವ ಹೊತ್ತು ಇನ್ನೂ ಕಡಿಮೆ, ಸ್ಪ್ರಿಂಗ್ ಬೇಗ ಸೋಲುತ್ತದೆ.

ಈಗ ಗ್ರಾಹಕ ಸೇವೆ. ಇಲ್ಲಿ ಜನ ಮೊದಲು ನೋಡುವುದು ವಾರಂಟಿ ಎಷ್ಟು ವರ್ಷ ಎಂಬುದನ್ನು. ಅದು ಅಷ್ಟೇನೂ ಹೇಳುವುದಿಲ್ಲ. ಅಮೆರಿಕದಲ್ಲಿ ಗ್ಲಾಕ್ ಬರೆದುಕೊಡುತ್ತಿದ್ದದ್ದು ಒಂದೇ ವರ್ಷದ ವಾರಂಟಿ, ಆದರೂ ಅಲ್ಲಿ ಅದರ ಸೇವೆಯ ಬಗ್ಗೆ ದೂರುವವರು ಕಡಿಮೆ. ಸ್ಮಿತ್ ಅಂಡ್ ವೆಸ್ಸನ್ ಮೊದಲ ಖರೀದಿದಾರನಿಗೆ ಜೀವನಪೂರ್ತಿ ಸೇವೆಯ ಮಾತು ಕೊಡುತ್ತದೆ. ರೂಗರ್ ಅಂತೂ ವಾರಂಟಿ ಕಾರ್ಡನ್ನೇ ಪೆಟ್ಟಿಗೆಯಲ್ಲಿ ಇಡದ ಕಂಪನಿ. ಬರೆದುಕೊಟ್ಟರೆ ಕಾನೂನಿನ ಷರತ್ತುಗಳ ಸರಮಾಲೆ ಹೇರಬೇಕಾಗುತ್ತದೆ, ಅದಿಲ್ಲದೆಯೇ ರಿಪೇರಿ ಮಾಡಿಕೊಡುತ್ತೇವೆ ಎಂದು ಅದು ವಿವರಿಸುತ್ತದೆ. ಅದರ ರಿಪೇರಿ ವಿಭಾಗಕ್ಕೆ ಇರುವ ಒಳ್ಳೆಯ ಹೆಸರು ಮಾತ್ರ ಬಹಳ ಕಂಪನಿಗಳಿಗಿಲ್ಲ.

ಆದರೆ ಇವೆಲ್ಲ ಕಂಪನಿ ನೇರವಾಗಿ ಕೈಗೆ ಸಿಗುವ ಕಡೆಯ ಮಾತು. ಬೇರೆ ದೇಶಗಳಲ್ಲಿ ವಾರಂಟಿಯ ಹೊಣೆ ಸಾಮಾನ್ಯವಾಗಿ ಆಮದುದಾರನದು ಅಥವಾ ವಿತರಕನದು. ಪಿಸ್ತೂಲನ್ನು ಸುಮ್ಮನೆ ಪಾರ್ಸೆಲ್ ಕಟ್ಟಿ ಗಡಿ ದಾಟಿಸಲು ಆಗದು. ಆದ್ದರಿಂದ ಕಾರ್ಖಾನೆಯ ಹೆಸರಿಗಿಂತ ಈ ಮಧ್ಯದವನ ಹೆಸರನ್ನು ಹೆಚ್ಚು ವಿಚಾರಿಸಿ. ವಾರಂಟಿ ಮೊದಲ ಖರೀದಿದಾರನಿಗಷ್ಟೆಯೋ, ಕೈಬದಲಾದರೂ ಉಳಿಯುತ್ತದೆಯೋ? ಹೋಗಿಬರುವ ಸಾಗಣೆಯ ಖರ್ಚು ಯಾರದು? ಮನೆಯಲ್ಲಿ ತುಂಬಿದ ತೋಟಾ ಬಳಸಿದರೆ ಹೊಣೆ ಮುಗಿಯುತ್ತದೆಯೇ? ಬಹುತೇಕ ಕಂಪನಿಗಳಲ್ಲಿ ಮುಗಿಯುತ್ತದೆ. ಟ್ರಿಗರ್ ಹಗುರ ಮಾಡಲು ಹೊರಗಿನ ಭಾಗ ಹಾಕಿದರೂ ಅಷ್ಟೆ. ಜೊತೆಗೆ ಪಿಸ್ತೂಲಿನ ನಂಬಿಕೆಯೂ ಹೋಗುತ್ತದೆ. ಹಗುರ ಸ್ಪ್ರಿಂಗ್ ಹಾಕಿದವನ ಪಿಸ್ತೂಲು ಗಟ್ಟಿ ಪ್ರೈಮರ್ (ತೋಟಾದ ತಳದ ಕಿಡಿ ಹೊತ್ತಿಸುವ ಬಿಲ್ಲೆ) ಸಿಕ್ಕ ದಿನ ಟಿಕ್ ಎಂದು ಸುಮ್ಮನಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಸೇವೆ ಹೇಗಿದೆ ಎಂದು ಕೊಳ್ಳುವ ಮೊದಲೇ ತಿಳಿಯುವ ದಾರಿಯೊಂದಿದೆ. ವಿತರಕನಿಗೂ ಕಂಪನಿಗೂ ಎರಡು ಪ್ರಶ್ನೆ ಬರೆದು ಕಳಿಸಿ: ಈ ಮಾದರಿಯ ರಿಕಾಯಿಲ್ ಸ್ಪ್ರಿಂಗನ್ನು (ಸ್ಲೈಡನ್ನು ಮುಂದೆ ತರುವ ಸ್ಪ್ರಿಂಗ್) ಎಷ್ಟು ಈಡಿಗೆ ಬದಲಿಸಬೇಕು, ಮತ್ತು ಆ ಸ್ಪ್ರಿಂಗೂ ಎಕ್ಸ್‌ಟ್ರಾಕ್ಟರೂ ಈಗ ನಿಮ್ಮಲ್ಲಿ ದಾಸ್ತಾನಿದೆಯೇ. ಪೂರ್ಣ ಗಾತ್ರದ ಪಿಸ್ತೂಲುಗಳಿಗೆ ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಈಡು ಎಂಬ ಉತ್ತರ ಬರುತ್ತದೆ. ಉತ್ತರ ಎಷ್ಟು ಬೇಗ ಬಂತು, ಪ್ರಶ್ನೆಗೇ ಬಂತೋ ಅಥವಾ ‘ನಮ್ಮ ಉತ್ಪನ್ನದಲ್ಲಿ ಆಸಕ್ತಿ ತೋರಿದ್ದಕ್ಕೆ ಧನ್ಯವಾದ’ ಎಂಬ ಅಚ್ಚಿನ ಕಾಗದ ಬಂತೋ ನೋಡಿ. ಮಾರುವ ಮೊದಲೇ ಉತ್ತರಿಸದವರು ಮಾರಿದ ಮೇಲೆ ಉತ್ತರಿಸುತ್ತಾರೆಂದು ನಿರೀಕ್ಷಿಸಬೇಡಿ.

ಕೊಂಡ ಮೇಲೆ ಪರೀಕ್ಷೆ ನಿಮ್ಮದು. ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಬಹುಪಾಲು ತುಕ್ಕು ತಡೆಯಲು ಇರುವುದು, ಮೊದಲು ಅದನ್ನು ಒರೆಸಿ, ಕೈಪಿಡಿ ಹೇಳಿದ ಜಾಗಗಳಿಗೆ ಹೊಸ ಎಣ್ಣೆ ಹಾಕಿ. ಗ್ಲಾಕ್ ಮಾತ್ರ ಸ್ಲೈಡಿನಲ್ಲಿ ಹಚ್ಚಿ ಕಳಿಸುವ ತಾಮ್ರಬಣ್ಣದ ಗ್ರೀಸನ್ನು ಒರೆಸಬೇಡಿ ಎನ್ನುತ್ತದೆ, ಅದನ್ನು ಹಾಗೇ ಬಿಡಿ. ಮ್ಯಾಗಜಿನ್‌ಗಳ ತಳಕ್ಕೆ ಬಣ್ಣದಲ್ಲಿ 1, 2, 3 ಎಂದು ಗುರುತು ಹಾಕಿ. ಎರಡು ಬೇರೆ ಬೇರೆ ತಯಾರಿಕೆಯ ಕಾರ್ಖಾನೆ ತೋಟಾ ತನ್ನಿ. ಒಂದು ಪುಸ್ತಕದಲ್ಲಿ ಪ್ರತಿ ತಡೆಯನ್ನೂ ಬರೆಯಿರಿ: ಎಷ್ಟನೇ ಈಡು, ಯಾವ ಮ್ಯಾಗಜಿನ್, ಯಾವ ತೋಟಾ, ಯಾರ ಕೈ, ಏನಾಯಿತು. ತಡೆ ಒಂದೇ ಮ್ಯಾಗಜಿನ್ನಿನಲ್ಲಿ ಮರುಕಳಿಸಿದರೆ ಮ್ಯಾಗಜಿನ್ ಬದಲಿಸಿ. ಒಂದೇ ತೋಟಾದಲ್ಲಿ ಆದರೆ ತೋಟಾ. ಬೇರೆಯವರ ಕೈಯಲ್ಲಿ ಆಗದಿದ್ದರೆ ನಿಮ್ಮ ಹಿಡಿತ ತಿದ್ದಿಕೊಳ್ಳಿ. ಎಲ್ಲ ಬದಲಿಸಿದರೂ ಅದೇ ತಡೆ ಅದೇ ರೀತಿ ಬಂದರೆ ಪಿಸ್ತೂಲು ರಿಪೇರಿಗೆ ಹೋಗಬೇಕು.

ಎಷ್ಟು ಹಾರಿಸಿದರೆ ಸಾಕು ಎಂಬುದಕ್ಕೆ ಸಂಖ್ಯಾಶಾಸ್ತ್ರದ ಒಂದು ಸರಳ ಲೆಕ್ಕವಿದೆ. ಒಂದೂ ತಡೆಯಿಲ್ಲದೆ ಎಷ್ಟು ಈಡು ಹಾರಿಸಿದಿರೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. ನಿಜವಾದ ತಡೆಯ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲ ಎಂದು ಶೇ. 95ರ ಭರವಸೆಯಿಂದ ಹೇಳಬಹುದು. 200 ಈಡು ಸರಾಗವಾಗಿ ಹೋದರೆ ‘ತಡೆ ಶೇ. 1.5ಕ್ಕಿಂತ ಹೆಚ್ಚಿಲ್ಲ’ ಎಂದಷ್ಟೇ ಗೊತ್ತಾಗುತ್ತದೆ, ಅದೇನೂ ದೊಡ್ಡ ಭರವಸೆಯಲ್ಲ. 500 ಆದರೆ ಶೇ. 0.6. ಹಾಗಾಗಿ ಮೊದಲ ಪೆಟ್ಟಿಗೆ ಸಲೀಸಾಗಿ ಮುಗಿದದ್ದಕ್ಕೆ ಬೀಗಬೇಡಿ, ಮೊದಲ ಐವತ್ತರಲ್ಲಿ ಒಮ್ಮೆ ತಡೆದದ್ದಕ್ಕೆ ಮಾರಲು ಹೊರಡಬೇಡಿ. ಹೊಸದು ಒಂದಿಷ್ಟು ಸವೆದು ಹೊಂದಿಕೊಳ್ಳುವವರೆಗೆ ತಾಳಿ. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಟ್ರಿಗರ್ ಒತ್ತಿಯೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಿರಿ. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಖಾಲಿ ಮಾಡಿ, ನಳಿಗೆಯಲ್ಲಿ ಬುಲೆಟ್ ಸಿಕ್ಕಿಕೊಂಡಿಲ್ಲವೆಂದು ನೋಡಿದ ಮೇಲೆಯೇ ಮುಂದಿನ ಮಾತು.

ರಿಪೇರಿಗೆ ಕಳಿಸುವ ಪ್ರಸಂಗ ಬಂದರೆ ‘ಜಾಮ್ ಆಗುತ್ತದೆ’ ಎಂದಷ್ಟೇ ಬರೆದು ಕಳಿಸಬೇಡಿ. ಅಂಥ ಚೀಟಿಯ ಜತೆ ಬಂದ ಪಿಸ್ತೂಲಿನಲ್ಲಿ ಅಲ್ಲಿಯವರು ತಮ್ಮ ತೋಟಾ, ತಮ್ಮ ಮ್ಯಾಗಜಿನ್ ಹಾಕಿ ಒಂದಿಷ್ಟು ಹಾರಿಸಿ, ‘ದೋಷ ಕಾಣಲಿಲ್ಲ’ ಎಂದು ಹಿಂದಿರುಗಿಸುತ್ತಾರೆ. ಆ ಪುಸ್ತಕದ ಪುಟಗಳ ಪ್ರತಿ ಇಡಿ. ತಡೆಯಾದಾಗ ಫೋಟೊ ತೆಗೆದಿದ್ದರೆ ಅದನ್ನೂ ಸೇರಿಸಿ, ಖಾಲಿ ಕೇಸು ಎಲ್ಲಿ ಸಿಕ್ಕಿತ್ತು ಎಂಬುದು ರಿಪೇರಿ ಮಾಡುವ ಆರ್ಮರರ್‌ಗೆ ನಿಮ್ಮ ಇಡೀ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ. ಬಳಸಿದ ತೋಟಾದ ತಯಾರಕ, ತೂಕ, ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ ಬರೆಯಿರಿ. ಹೊರಗಿನ ಭಾಗ ಏನಾದರೂ ಹಾಕಿದ್ದರೆ ಬಿಚ್ಚಿ ಮೂಲದ್ದನ್ನೇ ಹಾಕಿ, ಹಾಕಿದ್ದೆನೆಂಬುದನ್ನೂ ಮುಚ್ಚಿಡದೆ ತಿಳಿಸಿ. ಪಿಸ್ತೂಲು ಖಾಲಿ ಇದೆಯೆಂದು ಎರಡು ಸಲ ನೋಡಿ, ತೋಟಾ ಒಂದೂ ಪೆಟ್ಟಿಗೆಯಲ್ಲಿ ಇರದಂತೆ ಪ್ಯಾಕ್ ಮಾಡಿ, ತಡೆ ಕಂಡ ಮ್ಯಾಗಜಿನ್‌ಗಳನ್ನು ಗುರುತಿನ ಸಮೇತ ಅದರೊಂದಿಗೇ ಕಳಿಸಿ.